ನಾಯಿಮರಿಗೆ ಪೇಪರ್ ಯಾಕೆ ಅಷ್ಟು ಇಷ್ಟ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು. ಮರಿ ಮನೆಯೊಳಗೇ ಹೊಲಸು ಮಾಡುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಮೂತ್ರ ವಿಸರ್ಜನೆ ಅಂತೆಲ್ಲ ಬರೆಯುವವಳಲ್ಲ. ಉಚ್ಚೆ ಅಂದರೆ ಉಚ್ಚೆ. ಮೂವತ್ತು ವರ್ಷ ದನಕರುಗಳ ಹಿಂದೆ ನಿಂತು ಕೆಲಸ ಮಾಡಿದವಳು ಬೇರೆ ಹೇಗೆ ಬರೆಯಲಿ?

ಪ್ರಶ್ನೆ: ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ನಮ್ಮದು. ಎರಡು ತಿಂಗಳ ಲ್ಯಾಬ್ರಡಾರ್ ಮರಿ ತಂದು ಹನ್ನೆರಡು ದಿನವಾಯಿತು. ಯಜಮಾನರು ಕೆಳಗೆ ರಸ್ತೆಗೆ ಕರೆದುಕೊಂಡು ಹೋದರೆ ಅರ್ಧ ಗಂಟೆ ಸುಮ್ನೆ ಮೂಸುತ್ತದೆ. ಮೇಲೆ ಬಂದ ಕೂಡಲೇ ಹಾಲ್‌ನಲ್ಲಿ ಮಾಡುತ್ತದೆ. ಅದೂ ಮಾವನವರು ಓದಿ ಕೆಳಗಿಟ್ಟ ಪೇಪರ್ ಮೇಲೆ! ದಿನಕ್ಕೆ ನಾಲ್ಕು ಸಲ ಫಿನೈಲ್ ಹಾಕಿ ಒರೆಸುತ್ತೇನೆ. ಯಜಮಾನರು ಅದರ ಮೂತಿಯನ್ನು ಉಚ್ಚೆಗೆ ತಿಕ್ಕಿ ಬೈಯುತ್ತಾರೆ. ಆಗ ಕಿವಿ ಇಳಿಸಿ ಮೂಲೆ ಸೇರುತ್ತದೆ. ಗೊತ್ತಿದ್ದೂ ಮಾಡುತ್ತದೆ ಅಲ್ವಾ?

ಉತ್ತರ: ಇಲ್ಲ. ಕಿವಿ ಇಳಿಸುವುದು ನಿಮ್ಮ ಯಜಮಾನರ ದನಿಗೆ ಹೆದರಿ. ಐದು ನಿಮಿಷದ ಹಿಂದೆ ಮಾಡಿದ್ದಕ್ಕೂ ಈಗಿನ ಬೈಗುಳಕ್ಕೂ ಅದು ಗಂಟು ಹಾಕಲಾರದು.

ಈ ತಪ್ಪು ನಾನೂ ಮಾಡಿದ್ದೇನೆ. ರೋಣ ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದಾಗ ಮುಧೋಳದ ಕಡೆಯಿಂದ ಒಂದು ಬೇಟೆನಾಯಿ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದೆ. ಪಶುವೈದ್ಯ ಪದವಿ ಇತ್ತು. ಅಡ್ಡ ಬಿದ್ದ ಕರುವನ್ನು ಕೈ ಹಾಕಿ ತಿರುಗಿಸಿ ತೆಗೆಯುವುದು ಬರುತ್ತಿತ್ತು. ಆದರೆ ಮರಿ ಸಾಕಿ ಗೊತ್ತಿರಲಿಲ್ಲ. ಮೂತಿ ತಿಕ್ಕಿದೆ, ಗದರಿದೆ. ಒಂದೇ ವಾರಕ್ಕೆ ಪಡಸಾಲೆ ಸ್ವಚ್ಛ. ನನಗೋ ಭಾರಿ ಹೆಮ್ಮೆ. ಯುಗಾದಿಗೆ ಮನೆ ತೊಳೆಯಲು ಜೋಳದ ಚೀಲಗಳನ್ನು ಸರಿಸಿದರೆ, ಹಿಂದೆ ಒಂದು ತಿಂಗಳ ಸರಕು! ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡೇ ಹೇಳಿದರು: “ಒಳಗ ಮಾಡಬಾರದು ಅಂತ ಅದು ಕಲಿತಿಲ್ಲವ್ವಾ. ನಿನ್ನ ಮುಂದ ಮಾಡಬಾರದು ಅಂತ ಕಲಿತೈತಿ.”

ಪುಸ್ತಕ ಓದಿದವಳಿಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ನಿಮ್ಮ ಮರಿ ರಸ್ತೆಯಲ್ಲಿ ಅರ್ಧ ಗಂಟೆ ಬಿಗಿಹಿಡಿದು ನಿಲ್ಲುವುದಕ್ಕೂ ಇದೂ ಒಂದು ಕಾರಣ ಇರಬಹುದು. ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತವರು ಅದೇ ಮೂತಿ ತಿಕ್ಕುವ ಮನುಷ್ಯ ತಾನೇ? ಅವರ ಮುಂದೆ ಹೇಗೆ ಮಾಡೀತು? ಮೇಲೆ ಬಂದು, ಅವರು ಚಪ್ಪಲಿ ಬಿಡುವಷ್ಟರಲ್ಲಿ ಮುಗಿಸಿಕೊಳ್ಳುತ್ತದೆ.

ಈಗ ಪೇಪರ್ ವಿಷಯ. ಹುಟ್ಟಿದ ಮೇಲೆ ಸುಮಾರು ಮೂರು ವಾರದವರೆಗೆ ಮರಿಗೆ ತಾನಾಗಿ ಉಚ್ಚೆ ಮಾಡಲು ಬರುವುದಿಲ್ಲ. ತಾಯಿ ಹೊಟ್ಟೆಯ ಕೆಳಗೆ ನೆಕ್ಕಿದರೆ ಮಾತ್ರ ಆಗುತ್ತದೆ, ಆಗಿದ್ದನ್ನೂ ಅವಳೇ ನೆಕ್ಕಿ ಚೊಕ್ಕಟ ಮಾಡುತ್ತಾಳೆ. ಆಮೇಲೆ ಮರಿ ಮಲಗುವ ಜಾಗ ಬಿಟ್ಟು ಆಚೆ ಹೋಗಲು ಶುರು ಮಾಡುತ್ತದೆ. ಆಗ ಕಾಲಡಿ ಏನು ಸಿಗುತ್ತದೋ ಅದೇ ಅದರ ಮನಸ್ಸಿನಲ್ಲಿ ಕೂರುತ್ತದೆ. ಮಾರಲು ಮರಿ ಬೆಳೆಸುವವರು ಸಾಮಾನ್ಯವಾಗಿ ಹಾಸುವುದು ಹಳೇ ಪೇಪರ್. ಹೀಗಾಗಿ ನಿಮ್ಮ ಮರಿಯ ಪಾಲಿಗೆ ನೆಲದ ಮೇಲಿನ ಪೇಪರ್ ಅಂದರೆ ಪಾಯಖಾನೆ. ಪಾಪ, ಅದು ಸರಿಯಾದ ಜಾಗ ಹುಡುಕಿಯೇ ಹೋಗಿದೆ! ಮಾವನವರು ಓದಿದ ಪೇಪರನ್ನು ಮೇಜಿನ ಮೇಲೆ ಇಡಲಿ.

ಮರಿಯ ಈ ಅಭ್ಯಾಸವನ್ನೇ ನೀವು ಬಳಸಿಕೊಳ್ಳಿ. ಬಾಲ್ಕನಿಯಲ್ಲಿ ಅಗಲವಾದ ಟ್ರೇ ಇಟ್ಟು, ನಾಯಿಗಳು ಓಡಾಡದ ಕಡೆಯ ಮಣ್ಣು ತುಂಬಿ. ಅದರ ಮೇಲೆ ಒಂದು ಹಾಳೆ, ಹಾಳೆಯ ಮೇಲೆ ಮರಿಯ ಉಚ್ಚೆ ಒರೆಸಿದ ಒಂದು ಚೂರು ಬಟ್ಟೆ. ದಿನಾ ಹಾಳೆಯನ್ನು ಸ್ವಲ್ಪ ಸ್ವಲ್ಪ ಚಿಕ್ಕದು ಮಾಡುತ್ತಾ ಬನ್ನಿ. ಕೊನೆಗೆ ಮಣ್ಣು ಮಾತ್ರ ಉಳಿಯುತ್ತದೆ. ರಸ್ತೆಗೆ ಇಳಿಸುವುದನ್ನು ಈಗ ಪೂರ್ತಿ ನಿಲ್ಲಿಸಿ. ಮರಿಗಳಿಗೆ ವಾಂತಿ, ಭೇದಿ ತಂದು ಕೊಲ್ಲುವ ಪಾರ್ವೊ ರೋಗ, ಅದು ತಗುಲಿದ ನಾಯಿಗಳ ಮಲದಿಂದ ಹರಡುತ್ತದೆ, ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮರಿಗೆ ಆರೆಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ ಹಾಕಿಸಬೇಕು. ಅಲ್ಲಿಯವರೆಗೆ ಬಾಲ್ಕನಿಯೇ ಸಾಕು.

ಎರಡು ತಿಂಗಳ ಮರಿ ಎಚ್ಚರವಿದ್ದಾಗ ಒಂದು ಗಂಟೆ ತಡೆದರೆ ಅದೇ ದೊಡ್ಡದು. ನಿದ್ದೆಯಿಂದ ಎದ್ದ ಕೂಡಲೇ, ಉಂಡು ಹದಿನೈದಿಪ್ಪತ್ತು ನಿಮಿಷಕ್ಕೆ, ಆಟದ ನಡುವೆ ಇದ್ದಕ್ಕಿದ್ದಂತೆ ನಿಂತು ನೆಲ ಮೂಸುತ್ತಾ ಸುತ್ತು ಹಾಕಿದಾಗ, ಎತ್ತಿಕೊಂಡೇ ಹೋಗಿ. ನಡೆಸಿಕೊಂಡು ಹೋದರೆ ದಾರಿಯಲ್ಲೇ ಮುಗಿಯುತ್ತದೆ. ಟ್ರೇ ಮೇಲೆ ಇಳಿಸಿ, ನೀವು ಬೇರೆ ಕಡೆ ನೋಡುತ್ತಾ ನಿಲ್ಲಿ. ಕೆಲಸ ಮುಗಿದ ತಕ್ಷಣ, ಅಲ್ಲೇ, ಒಂದು ಚೂರು ಜೋಳದ ರೊಟ್ಟಿ ಕೊಟ್ಟು ಮುದ್ದು ಮಾಡಿ. ಒಳಗೆ ಬಂದ ಮೇಲೆ ಕೊಟ್ಟರೆ ಬಾಗಿಲು ದಾಟಿದ್ದಕ್ಕೆ ಕೊಟ್ಟಂತಾಗುತ್ತದೆ. ಪೇಢೆ ಬೇಡ, ಧಾರವಾಡದವಳು ಹೇಳುತ್ತಿದ್ದೇನೆ. ರಾತ್ರಿ ನಿಮ್ಮ ಮಂಚದ ಪಕ್ಕ ರಟ್ಟಿನ ಡಬ್ಬಿಯಲ್ಲಿ ಮಲಗಿಸಿ. ತನ್ನ ಹಾಸಿಗೆಯನ್ನು ಒದ್ದೆ ಮಾಡಲು ಅದಕ್ಕೂ ಮನಸ್ಸಿಲ್ಲ, ಕುಂಯ್‌ಗುಟ್ಟುತ್ತದೆ. ನಡುರಾತ್ರಿ ಒಂದು ಸಲ ಎದ್ದೇ ಏಳಬೇಕು. ಆ ಪಾಳಿ ಯಜಮಾನರಿಗೆ ಕೊಡಿ. ಮುಖ್ಯವಾಗಿ ಅವರೇ ರೊಟ್ಟಿ ಕೊಡಬೇಕು, ಅವರ ಮೇಲಿನ ಹೆದರಿಕೆ ಹೋಗಬೇಕಲ್ಲ.

ಫಿನೈಲ್ ವಾಸನೆಗೆ ನಮ್ಮ ಮೂಗು ಮೋಸ ಹೋಗುತ್ತದೆ, ನಾಯಿಯದಲ್ಲ. ಅಡಿಯಲ್ಲಿ ಉಳಿದ ಉಚ್ಚೆಯ ವಾಸನೆ ಅದನ್ನು ಮತ್ತೆ ಅಲ್ಲಿಗೇ ಕರೆಯುತ್ತದೆ. ಮೇಲಾಗಿ ಮರಿ ಕಾಲು ನೆಕ್ಕಿಕೊಂಡರೆ ಫಿನೈಲ್ ಹೊಟ್ಟೆಗೆ ಹೋಗುತ್ತದೆ. ಕೊಳೆ ಕರಗಿಸುವ ಎಂಜೈಮ್ ಇರುವ ಬಟ್ಟೆಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಆ ಜಾಗಕ್ಕೆ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಬರೀ ನೀರಿನಿಂದ ಎರಡು ಸಲ ಒರೆಸಿ.

ನಾಲ್ಕರಿಂದ ಆರು ತಿಂಗಳಿಗೆ ಹೆಚ್ಚಿನ ಮರಿಗಳು ದಾರಿಗೆ ಬರುತ್ತವೆ. ಹನ್ನೆರಡು ದಿನಕ್ಕೆ ನೀವು ಸೋತಿದ್ದೀರಿ ಅಂದರೆ ನನಗೆ ನಗು ಬರುತ್ತದೆ. ಸಿಟ್ಟಾಗಬೇಡಿ.

ಪ್ರಶ್ನೆ: ಬೆಟಗೇರಿಯಲ್ಲಿ ನಮ್ಮದು ಮಗ್ಗದ ಮನೆ. ನಾಲ್ಕು ತಿಂಗಳ ಹೆಣ್ಣುಮರಿ ಎಲ್ಲ ಅಂಗಳದಲ್ಲೇ ಮಾಡುತ್ತದೆ. ಆದರೆ ಸಂಜೆ ಅಪ್ಪ ಬಂದು ಗಟ್ಟಿ ದನಿಯಲ್ಲಿ ಕರೆದರೆ ಮಾತ್ರ, ಬಾಲ ಆಡಿಸುತ್ತಾ ಓಡಿ ಹೋಗಿ, ಕಾಲಬಳಿ ಮಲಗಿ, ಅಲ್ಲೇ ಉಚ್ಚೆ ಹೊಯ್ಯುತ್ತದೆ. ಅಪ್ಪನ ಮೇಲೆ ಏನು ಹಗೆ?

ಉತ್ತರ: ಹಗೆ ಅಲ್ಲ, ಅದು ನಮಸ್ಕಾರ. “ನೀನು ದೊಡ್ಡವ, ನಾನು ಚಿಕ್ಕವಳು” ಅನ್ನುವುದನ್ನು ಮರಿಗಳು ಹೀಗೆ ಹೇಳುತ್ತವೆ. ಗದರಿದರೆ ಇನ್ನಷ್ಟು ಚಿಕ್ಕದಾಗಲು ನೋಡುತ್ತದೆ, ಇನ್ನಷ್ಟು ಉಚ್ಚೆ. ಅಪ್ಪ ಬಂದ ಮೇಲೆ ಐದು ನಿಮಿಷ ಅದರ ಕಡೆ ನೋಡದೆ, ಮಾತಾಡದೆ ಇರಲಿ. ಆಮೇಲೆ ಪಕ್ಕಕ್ಕೆ ತಿರುಗಿ ಕೂತು ಗದ್ದದ ಕೆಳಗೆ ತುರಿಸಲಿ. ಮೇಲಿಂದ ಬಗ್ಗಿ ತಲೆ ಸವರುವುದು ಬೇಡ. ನೂಲು ಹಾಳಾಗಬಾರದು ಅಂದರೆ, ಅವರು ಬರುವ ಹೊತ್ತಿಗೆ ಮರಿಯನ್ನು ಅಂಗಳಕ್ಕೆ ಬಿಟ್ಟಿರಿ. ದೊಡ್ಡದಾಗುತ್ತಾ ತಾನೇ ಕಡಿಮೆಯಾಗುತ್ತದೆ.

ಪ್ರಶ್ನೆ: ಧಾರವಾಡದ ಕೆಲಗೇರಿಯವನು. ಮೂರು ತಿಂಗಳ ಮುಧೋಳ ಮರಿ. ಜಿಟಿಜಿಟಿ ಮಳೆ ಶುರುವಾದರೆ ಹಿತ್ತಲಿಗೆ ಕಾಲಿಡುವುದಿಲ್ಲ.

ಉತ್ತರ: ಮೈಮೇಲೆ ಕೂದಲೂ ಗಿಡ್ಡ, ಕೊಬ್ಬೂ ಕಡಿಮೆ. ಅದಕ್ಕೆ ಚಳಿ ಜಾಸ್ತಿ. ಹಿತ್ತಲ ಬಾಗಿಲ ಹತ್ತಿರ ತಾಡಪಾಲು ಕಟ್ಟಿ, ಕೆಳಗೆ ಎರಡು ಬುಟ್ಟಿ ಒಣಮಣ್ಣು ಹಾಕಿ. ನೀವೂ ಕೊಡೆ ಹಿಡಿದು ಜೊತೆಗೆ ನಿಲ್ಲಿ. ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡರೆ ಅದು ಉಚ್ಚೆ ಮಾಡುವುದಿಲ್ಲ, ಬಾಗಿಲನ್ನೇ ಕೆರೆಯುತ್ತದೆ.

ಪ್ರಶ್ನೆ: ಹಾವೇರಿಯಿಂದ ಬರೆಯುತ್ತಿದ್ದೇನೆ. ಐದು ತಿಂಗಳ ಹೆಣ್ಣುಮರಿ, ನಾಟಿ. ಎಲ್ಲ ಕಲಿತು ಒಂದು ತಿಂಗಳಾಗಿತ್ತು. ಮೂರು ದಿನದಿಂದ ಹತ್ತು ನಿಮಿಷಕ್ಕೊಮ್ಮೆ ಕೂರುತ್ತದೆ, ಬರುವುದು ನಾಲ್ಕು ಹನಿ. ಮನೆ ತುಂಬಾ ಹನಿ. ಮರೆತಿದೆಯಾ?

ಉತ್ತರ: ಮರೆತಿಲ್ಲ, ಉರಿಯುತ್ತಿರಬೇಕು. ಹೆಣ್ಣುಮರಿಗಳಲ್ಲಿ ಉಚ್ಚೆಯ ಸೋಂಕು ಹೀಗೇ ಕಾಣಿಸಿಕೊಳ್ಳುತ್ತದೆ. ಬೈಯಬೇಡಿ, ನೀರು ಕಡಿಮೆ ಮಾಡಬೇಡಿ. ನಾಳೆಯೇ ಪಶು ಆಸ್ಪತ್ರೆಗೆ ತೋರಿಸಿ. ರಕ್ತ ಕಂಡರೆ, ಅಥವಾ ತಿಣುಕಿದರೂ ಒಂದು ಹನಿಯೂ ಬರದಿದ್ದರೆ ನಾಳೆಯವರೆಗೂ ಕಾಯಬೇಡಿ. ಹೊರಡುವ ಮೊದಲು ಬೆಳಗಿನ ಉಚ್ಚೆಯನ್ನು ಹಿಡಿದುಕೊಂಡು ಹೋದರೆ ಡಾಕ್ಟರಿಗೆ ಅನುಕೂಲ. ಚೆನ್ನಾಗಿ ತೊಳೆದು ಒಣಗಿಸಿದ ಉದ್ದ ಹಿಡಿಯ ಸೌಟನ್ನು ಹಿಂದಿನಿಂದ ಮೆಲ್ಲಗೆ ಕೆಳಗೆ ಚಾಚಿ, ಸಿಕ್ಕಿದ್ದನ್ನು ಚೊಕ್ಕ ಬಾಟಲಿಗೆ ಹಾಕಿ, ಒಂದೆರಡು ಗಂಟೆಯೊಳಗೆ ತಲುಪಿಸಿ. ಯಾವ ಸೌಟು ತೆಗೆದುಕೊಂಡಿರಿ ಅಂತ ಅಡುಗೆಮನೆಯವರಿಗೆ ಮೊದಲೇ ಹೇಳಿಬಿಡಿ. ನಮ್ಮ ಮನೆಯಲ್ಲಿ ನಾನು ಹೇಳಿರಲಿಲ್ಲ.