ವಿಷಯ ಚೆನ್ನಾಗಿ ಗೊತ್ತಿದ್ದರೂ ಕಾಲೇಜಿನಲ್ಲಿ ಪಾಠ ಮಾಡಲು ತರಬೇತಿ ಯಾಕೆ ಬೇಕು?

ವಿಷಯ ಗೊತ್ತಿರುವುದು ಬೇರೆ, ಅದು ಹೊಸಬರಿಗೆ ಹೇಗೆ ಕಾಣುತ್ತದೆ ಎಂದು ಗೊತ್ತಿರುವುದು ಬೇರೆ. ಪಿಎಚ್‌ಡಿಯಲ್ಲಿ ಸಿಗುವುದು ಮೊದಲನೆಯದು. ಎರಡನೆಯದನ್ನು ಬೇರೆಯಾಗಿಯೇ ಕಲಿಯಬೇಕು.

ವರ್ಷಗಟ್ಟಲೆ ಒಂದೇ ವಿಷಯದಲ್ಲಿ ಮುಳುಗಿದವರಿಗೆ ನಡುವಿನ ಮೆಟ್ಟಿಲುಗಳು ಕಣ್ಣಿಗೇ ಬೀಳುವುದಿಲ್ಲ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ತಟ್ಟಬೇಕು, ಕೇಳುವವರು ಅದು ಯಾವ ಹಾಡು ಎಂದು ಹೇಳಬೇಕು. ಅರ್ಧದಷ್ಟಾದರೂ ಗುರುತಿಸುತ್ತಾರೆ ಎಂದು ತಟ್ಟುವವರು ನಂಬಿದ್ದರು. 120 ಸಲ ತಟ್ಟಿದ್ದರಲ್ಲಿ ಗುರುತಿಸಿದ್ದು ಬರೀ 3 ಸಲ! ತಟ್ಟುವವರ ತಲೆಯೊಳಗೆ ಹಾಡು ಪೂರ್ತಿ ಕೇಳಿಸುತ್ತಿತ್ತು, ಎದುರಿದ್ದವರಿಗೆ ಸುಮ್ನೆ ಟಕ್ ಟಕ್. ಎಷ್ಟೋ ಲೆಕ್ಚರ್‌ಗಳೂ ಹೀಗೇ ಅಲ್ವಾ?

ಈ ಕುರುಡುತನ ಒಬ್ಬರೇ ಕೂತು ಯೋಚಿಸಿದರೆ ಹೋಗುವುದಿಲ್ಲ. ಎದುರಿನವರಿಗೆ ಎಲ್ಲಿ ಕೈತಪ್ಪಿತು ಎಂದು ನೋಡಬೇಕು. ಅದಕ್ಕೇ ತರಬೇತಿಯಲ್ಲಿ ಮಾಡಿಸುವ ಮೈಕ್ರೋಟೀಚಿಂಗ್ ನನಗೆ ಇಷ್ಟ. ಐದು ಹತ್ತು ನಿಮಿಷದ ಪಾಠ ಮಾಡುತ್ತೀರಿ, ಅದರ ವಿಡಿಯೊ ನೋಡುತ್ತೀರಿ (ಮೊದಲ ಸಲ ಮುಜುಗರ ಆಗೇ ಆಗುತ್ತದೆ), ಕೇಳಿದವರು ಎಲ್ಲಿ ಅರ್ಥವಾಗಲಿಲ್ಲ ಎಂದು ಹೇಳುತ್ತಾರೆ, ಅದೇ ಪಾಠವನ್ನು ತಿದ್ದಿ ಇನ್ನೊಮ್ಮೆ ಮಾಡುತ್ತೀರಿ. ಪ್ರಶ್ನೆಪತ್ರಿಕೆ ತಯಾರಿ, ಅಂಕ ಕೊಡುವುದು ಇತ್ಯಾದಿಯನ್ನೂ ತರಬೇತಿಯಲ್ಲಿ ಕಲಿಸುತ್ತಾರೆ.

ತರಬೇತಿಗೆ ಅವಕಾಶ ಇಲ್ಲದಿದ್ದರೆ, ತರಗತಿಯ ಕೊನೆಯ ಎರಡು ನಿಮಿಷದಲ್ಲಿ ‘ಇವತ್ತು ಯಾವುದು ಅರ್ಥವಾಗಲಿಲ್ಲ?’ ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹೆಸರು ಬರೆಯುವುದು ಬೇಡ ಎನ್ನಿ, ಆಗ ನಿಜ ಬರೆಯುತ್ತಾರೆ.