ಓದುಗರ ಪ್ರಶ್ನೆ: ಹುಬ್ಬಳ್ಳಿಯಿಂದ ರೈಲಿನಲ್ಲಿ ಗದಗ, ಒಂದು ದಿನಕ್ಕೆ ಸಾರ್ಥಕವೇ?

ಪ್ರಶ್ನೆ: ನಮ್ಮದು ಹುಬ್ಬಳ್ಳಿ. ಅತ್ತೆಯವರಿಗೆ 68 ವರ್ಷ, ಮೊಣಕಾಲು ನೋವು. ಬಸ್ ಪ್ರಯಾಣ ಅವರಿಗೆ ಆಗಿಬರುವುದಿಲ್ಲ. ಮಗಳು ಒಂಬತ್ತನೇ ತರಗತಿ. ಭಾನುವಾರ ರೈಲಿನಲ್ಲಿ ಗದಗಿಗೆ ಹೋಗಿ ಸಂಜೆ ಮರಳುವ ಯೋಚನೆ ಇದೆ. ‘ಅಲ್ಲಿ ಏನಿದೆ, ಅರ್ಧ ದಿನದಲ್ಲಿ ಮುಗಿಯುತ್ತದೆ’ ಎನ್ನುತ್ತಾರೆ ನೆರೆಯವರು. ಹೋಗಬಹುದೇ?

ಉತ್ತರ: ಖಂಡಿತ ಹೋಗಿ. ಆದರೆ ಹತ್ತಿರದ ಹಳೆಯ ಗುಡಿಗಳ ಊರು ಲಕ್ಕುಂಡಿಯನ್ನು ಸೇರಿಸಿಕೊಂಡು ಹೋಗಿ. ಗದಗ ಊರೊಂದನ್ನೇ ನೋಡುವುದಾದರೆ ನಿಮ್ಮ ನೆರೆಯವರ ಮಾತು ನಿಜ, ಮೂರು ತಾಸು ಸಾಕು.

ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 58 ಕಿ.ಮೀ. ಗಾಡಿ ಎಷ್ಟು ಕಡೆ ನಿಲ್ಲುತ್ತದೆ ಎನ್ನುವುದರ ಮೇಲೆ ಒಂದರಿಂದ ಒಂದೂವರೆ ತಾಸು ಹಿಡಿಯುತ್ತದೆ. ಬೆಳಿಗ್ಗೆ 9ರೊಳಗೆ ಗದಗಿನಲ್ಲಿ ಇಳಿದರೆ ಸಂಜೆ 6ರವರೆಗೆ ಒಂಬತ್ತು ತಾಸು ಕೈಯಲ್ಲಿರುತ್ತದೆ. 11ರ ಮೇಲೆ ಇಳಿಯುವಂತಾದರೆ ಲಕ್ಕುಂಡಿಯನ್ನು ಓಡೋಡಿ ನೋಡಬೇಕಾಗುತ್ತದೆ, ಅಂಥ ದಿನ ಹೋಗದಿರುವುದೇ ಲೇಸು. ಹೋಗುವಾಗ ಹುಬ್ಬಳ್ಳಿಯಿಂದಲೇ ಹೊರಡುವ ಗಾಡಿ ಹಿಡಿಯಿರಿ. ದೂರದಿಂದ ಬರುವ ಗಾಡಿ ತಡವಾದರೆ ಬೆಳಗಿನ ತಂಪು ಹೊತ್ತೇ ಕೈಬಿಡುತ್ತದೆ. ಹುಬ್ಬಳ್ಳಿ ನಿಲ್ದಾಣದ ಉದ್ದದ ಪ್ಲಾಟ್‌ಫಾರಂ 1507 ಮೀಟರ್ ಇದೆ. ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಕೇಳಿಕೊಂಡರೆ ಅತ್ತೆಯವರಿಗೆ ನಡಿಗೆ ಉಳಿಯುತ್ತದೆ.

ಗದಗಿನಲ್ಲಿ ಇಳಿದವರೇ ಮೊದಲು ಲಕ್ಕುಂಡಿಗೆ ಹೊರಡಿ. ಅದು ಕೊಪ್ಪಳದ ರಸ್ತೆಯಲ್ಲಿ 12 ಕಿ.ಮೀ. ಅಲ್ಲಿಗೆ ರೈಲಿಲ್ಲ, ಬಸ್ ಇದೆ. ನಿಮ್ಮ ಮನೆಯವರಿಗೆ ಆಟೋವೇ ಅನುಕೂಲ. ಹೋಗಿಬರುವುದಕ್ಕೂ ಅಲ್ಲಿ ಕಾಯುವುದಕ್ಕೂ ಸೇರಿಸಿ ದರ ಮೊದಲೇ ಮಾತಾಡಿ. ಗುಡಿಗಳು ಊರಿನೊಳಗೆ ಚದುರಿಕೊಂಡಿವೆ, ಆಟೋ ಕಳಿಸಿಬಿಟ್ಟರೆ ಬಿಸಿಲಲ್ಲಿ ನಡೆಯಬೇಕು.

ಕಾಶಿವಿಶ್ವೇಶ್ವರ ಗುಡಿಗೆ ಒಂದು ತಾಸು ಇಡಿ. ಒಂದೇ ಜಗತಿಯ (ಎತ್ತರದ ಕಲ್ಲುಕಟ್ಟೆಯ) ಮೇಲೆ ಶಿವನ ಗುಡಿಯೂ ಸೂರ್ಯನ ಗುಡಿಯೂ ಎದುರುಬದುರಾಗಿ ನಿಂತಿವೆ. ಬಾಗಿಲವಾಡಗಳ ಕೆತ್ತನೆಯನ್ನು ಪಟ್ಟಿಕೆ ಪಟ್ಟಿಕೆಯಾಗಿ ನೋಡಬೇಕು. ಮೃದುವಾದ ಬಳಪದ ಕಲ್ಲಾದ್ದರಿಂದ ಅಷ್ಟು ನವುರು ಸಾಧ್ಯವಾಯಿತು. ಒಳಗೆ ಕತ್ತಲು, ಟಾರ್ಚ್ ಇರಲಿ. ಆಮೇಲೆ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಮಹಾತಾಯಿ ಈಕೆಯೇ ಎಂದು ಮಗಳಿಗೆ ಅಲ್ಲೇ ನಿಂತು ಹೇಳಿ, ಪಾಠದ ಹೆಸರಿಗೆ ಜೀವ ಬರುತ್ತದೆ. ಮೂರನೆಯದು ಮಾಣಿಕೇಶ್ವರ ಗುಡಿ, ಅದಕ್ಕೆ ಅಂಟಿಕೊಂಡಂತೆ ಮುಸುಕಿನ ಬಾವಿ. ಬಾವಿಯ ಮೆಟ್ಟಿಲು ಕಡಿದು. ಅತ್ತೆಯವರು ಮೇಲೆ ಗುಡಿಯ ನೆರಳಿನಲ್ಲಿ ಕೂರಲಿ, ಬಾವಿಯ ಅಂದ ಅಲ್ಲಿಂದಲೂ ಕಾಣುತ್ತದೆ. ಮಾರ್ಚ್‌ನಿಂದ ಮೇವರೆಗೆ ಹಾಸುಗಲ್ಲು ಕಾದು ಬರಿಗಾಲು ಸುಡುತ್ತದೆ, ಕಾಲುಚೀಲ ಒಯ್ಯಿರಿ.

ಮಧ್ಯಾಹ್ನ ಗದಗಿಗೆ ಮರಳಿ ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ ವಿಶ್ರಮಿಸಿ. ಪೂಜೆ ನಡೆಯುವ ಗುಡಿಗಳಲ್ಲಿ ಮಧ್ಯಾಹ್ನ ಗರ್ಭಗುಡಿ ಮುಚ್ಚುವುದುಂಟು, ಆ ಹೊತ್ತಿಗೆ ಹೋಗಿ ಕಾಯಬೇಡಿ. ಮೂರೂವರೆ-ನಾಲ್ಕರ ನಂತರ ತ್ರಿಕೂಟೇಶ್ವರ ನೋಡಿ. ಒಂದೇ ಪೀಠದಲ್ಲಿ ಮೂರು ಲಿಂಗ ಇರುವುದು ಅಲ್ಲಿನ ವಿಶೇಷ. ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ಎಷ್ಟೋ ಜನ ನೋಡದೆ ಹಿಂದಿರುಗುತ್ತಾರೆ, ಇಡೀ ಗದಗಿನಲ್ಲಿ ಅವಕ್ಕಿಂತ ಚೆಲುವಾದದ್ದು ಇಲ್ಲ. ಕೊನೆಗೆ ವೀರನಾರಾಯಣ. ಕುಮಾರವ್ಯಾಸ ಒದ್ದೆಬಟ್ಟೆಯಲ್ಲಿ ಕುಳಿತು ಭಾರತ ಬರೆದನೆಂಬ ಪ್ರತೀತಿಯ ಕಂಬ ಅಲ್ಲಿದೆ.

ಪ್ರಶ್ನೆ: ಟಿಕೆಟ್ ಮೊದಲೇ ತೆಗೆಯಬೇಕೇ?

ಉತ್ತರ: ಜನರಲ್ ಟಿಕೆಟ್ ಸಾಕು. ಆದರೆ ಈ ದೂರಕ್ಕೆ ಅದು ಕೊಂಡ ಮೂರು ತಾಸಿನೊಳಗೆ ಅಥವಾ ಮುಂದಿನ ಮೊದಲ ಗಾಡಿಗೆ ಹೊರಡುವವರಿಗೆ ಮಾತ್ರ. ಆದ್ದರಿಂದ ಮರಳುವ ಟಿಕೆಟನ್ನು ಗದಗಿನಲ್ಲೇ ತೆಗೆಯಿರಿ. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದರೆ ದಂಡ ಬೀಳುತ್ತದೆ. ಜನರಲ್ ಟಿಕೆಟ್ಟಿನಲ್ಲಿ ಸ್ಲೀಪರ್ ಬೋಗಿಗೆ ಹತ್ತಿದರೂ ಅಷ್ಟೇ. ಮರಳುವಾಗ ಕೊನೆಯ ಗಾಡಿಯನ್ನು ನೆಚ್ಚಬೇಡಿ, ಅದಕ್ಕಿಂತ ಮೊದಲಿನದನ್ನು ಗುರಿಯಿಡಿ. ಆ ಕಡೆಯಿಂದ ಬರುವ ಗಾಡಿಗಳಲ್ಲಿ ಹಲವು ದೂರದೂರಿನವು, ತಡವಾಗುವ ಸಂಭವ ಹೆಚ್ಚು. ಭಾನುವಾರ ಸಂಜೆ ನಿಲ್ಲಲೂ ಜಾಗ ಸಿಗದಷ್ಟು ಗದ್ದಲ ಇರಬಹುದು. ಕಾಲುನೋವಿನವರು ಜೊತೆಗಿರುವುದರಿಂದ ಶನಿವಾರ ಹೋಗುವುದು ಮೇಲು.

ಪ್ರಶ್ನೆ: ಅದೇ ದಿನ ಬಾದಾಮಿಯನ್ನೂ ಮುಗಿಸಬಹುದೇ?

ಉತ್ತರ: ಬೇಡ. ಗದಗಿನಿಂದ ಬಾದಾಮಿ ಮತ್ತೆ 70 ಕಿ.ಮೀ. ಆಸುಪಾಸು, ನಿಲ್ದಾಣದಿಂದ ಊರಿಗೆ ಇನ್ನೂ 5 ಕಿ.ಮೀ. ಗುಹಾಲಯಗಳಿಗೆ ಮೆಟ್ಟಿಲು ಹತ್ತಬೇಕು. ಅದಕ್ಕೆ ಬೇರೊಂದು ದಿನ ಇಟ್ಟುಕೊಳ್ಳಿ. ಗದಗಿನಲ್ಲಿ ಸಮಯ ಉಳಿದರೆ ನಿಲ್ದಾಣಕ್ಕೆ ಹೊರಡುವ ಮುಂಚೆ ಬಿಸಿ ಮಿರ್ಚಿ, ಗಿರಮಿಟ್ ತಿನ್ನಿ.