ಓಕ್ ಸೋಕದ ರೆಡ್ ವೈನ್ ಬ್ಲೆಂಡ್: ರುಚಿ ನೋಡುವ ಮುಂಚೆ ಸ್ವಲ್ಪ ತಂಪು ಮಾಡಿ

ಬೆಂಗಳೂರಿನ ಅಂಗಡಿಯಿಂದ ಕ್ಯಾಬರ್ನೆ–ಶಿರಾಜ್ ಬ್ಲೆಂಡ್, ಅಂದರೆ ಈ ಎರಡು ದ್ರಾಕ್ಷಿ ತಳಿಗಳನ್ನು ಬೆರೆಸಿ ಮಾಡಿದ ರೆಡ್ ವೈನ್ ತಂದಿದ್ದೀರಿ, ಬಾಟಲಿ ಮೇಲೆ 'ಅನ್‌ಓಕ್ಡ್' (ಓಕ್ ಮರದ ಪೀಪಾಯಿಯಲ್ಲಿ ಇಡದ್ದು) ಅಂತ ಇದೆ. ಹಾಗಂದರೆ ಕಡಿಮೆ ದರ್ಜೆಯದ್ದಾ, ರುಚಿ ನೋಡುವುದು ಹೇಗೆ ಅಂತ ಕೇಳಿದ್ದೀರಿ.

ಕಡಿಮೆ ದರ್ಜೆ ಅಂತ ಖಂಡಿತ ಅಲ್ಲ. ಬ್ಲೆಂಡ್ ಅಂದರೆ ಏನು ಅಂತ ನನಗೆ ಅರ್ಥ ಆಗಿದ್ದೇ ಇಂಥ ವೈನ್ ಕುಡಿದ ಮೇಲೆ. ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟ ವೈನ್‌ಗೆ ವೆನಿಲ್ಲಾ, ಲವಂಗ, ಹುರಿದ ವಾಸನೆ ಇಳಿಯುತ್ತದೆ. ಅಮೆರಿಕದ ಓಕ್ ಆದರೆ ಕೊಬ್ಬರಿ ವಾಸನೆಯೂ ಬರುತ್ತದೆ. ಸ್ಟೀಲ್ ಅಥವಾ ಕಾಂಕ್ರೀಟ್ ತೊಟ್ಟಿಯಲ್ಲಿ ಇಟ್ಟರೆ ಇದ್ಯಾವುದೂ ಸೇರುವುದಿಲ್ಲ, ಹಣ್ಣಿನ ರುಚಿಯೇ ಮುಂದೆ ನಿಲ್ಲುತ್ತದೆ. ಫ್ರಾನ್ಸ್‌ನ ರೋನ್ ಕಣಿವೆಯ ದಕ್ಷಿಣ ಭಾಗದಲ್ಲಿ ಗ್ರೆನಾಶ್ ದ್ರಾಕ್ಷಿಯ ಎಷ್ಟೋ ಒಳ್ಳೆಯ ಬ್ಲೆಂಡ್‌ಗಳು ಕಾಂಕ್ರೀಟ್ ತೊಟ್ಟಿಯಲ್ಲೇ ತಯಾರಾಗುತ್ತವೆ.

ರೆಡ್ ವೈನನ್ನು ರೂಮಿನ ಉಷ್ಣತೆಯಲ್ಲೇ ಕುಡಿಯಬೇಕು ಅಂತ ಹೇಳುವುದನ್ನು ನೀವೂ ಕೇಳಿರುತ್ತೀರಿ. ಅದು ಯುರೋಪಿನ ಹಳೆಯ ಚಳಿ ಮನೆಗಳ ಮಾತು. ನಮ್ಮ ಏಪ್ರಿಲ್ ತಿಂಗಳ ರೂಮಿನಲ್ಲಿಟ್ಟ ವೈನ್‌ನಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣು ಹಿಂದೆ ಸರಿಯುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. 14ರಿಂದ 16 ಡಿಗ್ರಿ ಇದ್ದರೆ ಚೆನ್ನ. ತೀರಾ ತಣ್ಣಗಾದರೆ ಒಗರು ಗಡುಸಾಗುತ್ತದೆ, ಆಗ ಗ್ಲಾಸ್ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕಾಯಿರಿ.

ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ತಿರುಗಿಸಿ, ಮೂಸಿ. ಕ್ಯಾಬರ್ನೆ ಕಡೆಯಿಂದ ಕಪ್ಪು ಹಣ್ಣಿನ ವಾಸನೆ ಬರುತ್ತದೆ. ನನಗೆ ಅದು ನೇರಳೆ ಹಣ್ಣಿಗೆ ಹತ್ತಿರ. ಕೆಲವೊಮ್ಮೆ ದೊಣ್ಣೆಮೆಣಸಿನಕಾಯಿಯ ಹಸಿರು ವಾಸನೆಯೂ ಇರುತ್ತದೆ. ಶಿರಾಜ್ ಕಡೆಯಿಂದ ಕಾಳುಮೆಣಸು. ಇದು ಬರೀ ಕಲ್ಪನೆಯಲ್ಲ, ಕಾಳುಮೆಣಸಿನಲ್ಲಿರುವ ರೋಟಂಡೋನ್ ಅನ್ನುವ ಅಂಶವೇ ಶಿರಾಜ್ ಸಿಪ್ಪೆಯಲ್ಲೂ ಇದೆ. ಕೆಲವರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ನಿಮಗೂ ಹಾಗಾದರೆ ಬೇಜಾರು ಬೇಡ.

ಆಮೇಲೆ ಒಂದು ಗುಟುಕು ಬಾಯಿತುಂಬಾ ಆಡಿಸಿ. ನಾಲಿಗೆ ಅಂಚಲ್ಲಿ ನೀರೂರಿದರೆ ಅದು ಹುಳಿ. ವಸಡು, ಕೆನ್ನೆ ಒಳಗೆ ಒಣಗಿದಂತಾದರೆ ಒಗರು. ಓಕ್ ಇಲ್ಲದಿದ್ದರೂ ಒಗರು ಇದ್ದೇ ಇರುತ್ತದೆ, ಅದು ದ್ರಾಕ್ಷಿಯ ಸಿಪ್ಪೆ, ಬೀಜದಿಂದಲೇ ಬರುತ್ತದೆ. ಗುಟುಕು ಇಳಿದ ಮೇಲೆ ಹಣ್ಣಿನ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ವೈನ್ ಒಳ್ಳೆಯದಾ ಅಂತ ನಾನು ತೀರ್ಮಾನ ಮಾಡುವುದು ಅಲ್ಲಿಯೇ. ಮರದ ಮರೆ ಇಲ್ಲವಲ್ಲ, ಹಣ್ಣು ಕಳಪೆಯಾಗಿದ್ದರೆ ತಕ್ಷಣ ಗೊತ್ತಾಗಿಬಿಡುತ್ತದೆ.

ಸಾಧ್ಯವಾದರೆ ಜೊತೆಗೊಂದು ಓಕ್‌ನಲ್ಲಿಟ್ಟ ಬ್ಲೆಂಡ್ ಇಟ್ಟುಕೊಳ್ಳಿ. ನಂದಿ ಬೆಟ್ಟದ ಸೀಮೆಯ ಗ್ರೋವರ್ ಜಂಪಾದವರ ಲಾ ರಿಸರ್ವ್ ಸಹ ಕ್ಯಾಬರ್ನೆ–ಶಿರಾಜ್, ಆದರೆ ಫ್ರೆಂಚ್ ಓಕ್‌ನಲ್ಲಿಟ್ಟಿದ್ದು. ಸ್ನೇಹಿತರ ಜೊತೆ ಎರಡನ್ನೂ ಒಟ್ಟಿಗೆ ಕುಡಿದರೆ ಮರ ಏನು ಮಾಡುತ್ತದೆ ಅಂತ ಒಂದೇ ಸಂಜೆಯಲ್ಲಿ ತಿಳಿಯುತ್ತದೆ.

ಊಟಕ್ಕೆ ಎಣ್ಣೆಗಾಯಿ ಅಥವಾ ಮಟನ್ ಪೆಪ್ಪರ್ ಫ್ರೈ ಚೆನ್ನಾಗಿರುತ್ತದೆ. ಖಾರ ಮಾತ್ರ ಜಾಸ್ತಿ ಬೇಡ, ಆಲ್ಕೋಹಾಲ್ ಖಾರವನ್ನು ಇನ್ನೂ ಉರಿಸುತ್ತದೆ. ಉಳಿದರೆ ಮುಚ್ಚಳ ಬಿಗಿಮಾಡಿ ಫ್ರಿಜ್‌ನಲ್ಲಿಡಿ, ಎರಡು ಮೂರು ದಿನದಲ್ಲಿ ಮುಗಿಸಿ. ಇಂಥ ಬಾಟಲಿಯನ್ನು ವರ್ಷಗಟ್ಟಲೆ ಸುಮ್ನೆ ಕೂಡಿಡಬೇಡಿ. ಎಳೆಯದಾಗಿರುವಾಗಲೇ ಕುಡಿಯಲಿ ಅಂತ ಮಾಡಿದ ವೈನ್ ಇದು.